ಅದೇ ಬಗೆ

ಮಾರ್ಚ್ 3, ಸೋಮವಾರ

ನಿವೃತ್ತನಾಗಿ ಒಂದು ವರ್ಷವಾದ ಮೇಲೆ ಸರ್ವೇ ಇಲಾಖೆಗೆ ನನ್ನ ನೆನಪಾಗಿದೆ. ಕಚೇರಿ ಹೊಸ ಕಟ್ಟಡಕ್ಕೆ ಹೋಗುತ್ತದಂತೆ. ಅಲ್ಲಿ ಒಂದು ಕೋಣೆಯಲ್ಲಿ ಹಳೆಯ ಉಪಕರಣಗಳನ್ನು ಜೋಡಿಸಿ ಜನರಿಗೆ ತೋರಿಸುತ್ತಾರಂತೆ. ನನಗೆ ಒಂದು ತಿಂಗಳ ಕೆಲಸ: ಕಪಾಟಿನಲ್ಲಿರುವ ಎಪ್ಪತ್ತನಾಲ್ಕು ಕ್ಯಾಲ್ಕುಲೇಟರುಗಳನ್ನು ಬಗೆ ಪ್ರಕಾರ ವಿಂಗಡಿಸಿ ಪಟ್ಟಿ ಮಾಡಿಕೊಡಬೇಕು. ಇಪ್ಪತ್ತೇಳು ವರ್ಷ ಆ ಉಗ್ರಾಣ ನೋಡಿಕೊಂಡವನು ನಾನೇ ತಾನೆ, ಇನ್ನಾರನ್ನು ಕರೆದಾರು?

ಕರೆದ ಮೊದಲ ದಿನವೇ ಮೈ ಉರಿಯಿತು. ಪ್ರದರ್ಶನದ ಉಸ್ತುವಾರಿಗೆ ಬಂದಿರುವ ಅಧಿಕಾರಿಣಿಗೆ ನಲವತ್ತರ ಆಸುಪಾಸು. ಬಾಯಿ ತೆರೆದರೆ ಉದ್ಘಾಟನೆ, ರಿಬ್ಬನ್, ಕತ್ತರಿ. ನಾನಂತೂ ರಿಬ್ಬನ್ ಮೇಡಂ ಎಂದೇ ಕರೆಯುವವನು, ಮನಸ್ಸಿನಲ್ಲಿ. ಕಪಾಟಿನ ಬಾಗಿಲು ತೆಗೆದು ಒಂದು ಸಲ ಕಣ್ಣಾಡಿಸಿ, “ಎಲ್ಲಾ ಒಂದೇ ಥರ ಇವೆಯಲ್ಲ ಸಾರ್! ಒಂದೊಂದು ಬಗೇದು ಒಂದಿಟ್ಕೊಂಡು ಮಿಕ್ಕಿದ್ದನ್ನ ಗುಜರಿಗೆ ಹಾಕ್ಬಿಡೋಣ” ಅಂದಳು.

ಒಂದೇ ಥರ! ಬಣ್ಣ ಬೂದು ಎಂದ ಮಾತ್ರಕ್ಕೆ ಕತ್ತೆಯೂ ಆನೆಯೂ ಒಂದೇ ಥರವೇ? ಕೇಳಬೇಕೆಂದಿದ್ದೆ. ಕೇಳಲಿಲ್ಲ. “ನೋಡ್ತೀನಿ ಮೇಡಂ” ಅಂದೆ. ಮನೆಗೆ ಬರುವ ದಾರಿಯುದ್ದಕ್ಕೂ ಅದನ್ನೇ ಕೇಳಿಕೊಂಡು ಬಂದೆ.

ಮಾರ್ಚ್ 4, ಮಂಗಳವಾರ

ಎಪ್ಪತ್ತನಾಲ್ಕರಲ್ಲಿ ಇಪ್ಪತ್ತೊಂದು ಸಾಮಾನ್ಯ ಯಂತ್ರಗಳು, ಸಮ ಚಿಹ್ನೆಯ ಗುಂಡಿ ಇರುವಂಥವು. ಉಳಿದ ಐವತ್ತಮೂರು ರಿವರ್ಸ್ ಪೋಲಿಷ್ ಕ್ರಮದವು. ಮೊದಲು ಅಂಕಿಗಳು, ಆಮೇಲೆ ಏನು ಮಾಡಬೇಕೆಂಬ ಗುಂಡಿ. ಎರಡು ಒತ್ತು, ಎಂಟರ್ ಒತ್ತು, ಮೂರು ಒತ್ತು, ಕೂಡಿಸು ಒತ್ತು. ಐದು ಬಂತು. ಸಮ ಚಿಹ್ನೆಯ ಹಂಗೇ ಇಲ್ಲ.

ರಿಬ್ಬನ್ ಮೇಡಂಗೆ ಇದನ್ನು ವಿವರಿಸಿದೆ.

“ಪಾಲಿಷ್ ಅಂದ್ರೆ ಬೂಟಿಗೆ ಹಾಕೋದಾ?”

“ಅಲ್ಲ ಮೇಡಂ, ಪೋಲಿಷ್. ಆ ದೇಶದ ತರ್ಕಶಾಸ್ತ್ರಜ್ಞರೊಬ್ಬರ ಕ್ರಮ.”

“ಒಟ್ಟಿನಲ್ಲಿ ಉಲ್ಟಾ ಕ್ಯಾಲ್ಕುಲೇಟರ್. ಹಾಗೇ ಬೋರ್ಡ್ ಹಾಕ್ಸೋಣ, ಮಕ್ಕಳಿಗೆ ಮಜಾ ಇರತ್ತೆ.”

ಉಲ್ಟಾ ಯಾವುದು ಸ್ವಾಮಿ? ನಾವು ಮಾತಾಡುವುದು ಹೇಗೆ? “ಎರಡನ್ನೂ ಮೂರನ್ನೂ ಕೂಡು” ಅನ್ನುತ್ತೇವೆ. ಕೂಡುವುದೋ ಕಳೆಯುವುದೋ ಕೊನೆಗೇ ತಿಳಿಯುವುದು. ಹುಟ್ಟಿದಾಗಿನಿಂದ ಕ್ರಿಯಾಪದವನ್ನು ಕೊನೆಗೆ ಇಟ್ಟುಕೊಂಡು ಬದುಕಿದವರಿಗೆ ಈ ಯಂತ್ರ ನೆಟ್ಟಗೇ ಇದೆ. ಇಷ್ಟನ್ನೂ ಹೇಳಿದೆ. ಆಕೆ ಫೋನ್ ನೋಡುತ್ತಿದ್ದಳು.

ಮಾರ್ಚ್ 6, ಗುರುವಾರ

ಐವತ್ತಮೂರನ್ನೂ ಒಂದೇ ಬುಟ್ಟಿಗೆ ಹಾಕುವುದು ಅನ್ಯಾಯ. ಇವತ್ತು ಮೇಜಿನ ಮೇಲೆ ಹಳೆಯ ಹೊದಿಕೆ ಹಾಸಿ, ಬ್ಯಾಟರಿ ಬದಲಿಸುತ್ತ ಒಂದೊಂದನ್ನೂ ಮಾತಾಡಿಸಿದೆ.

ಈ ಯಂತ್ರಗಳ ಹೊಟ್ಟೆಯಲ್ಲಿ ಅಂಕಿಗಳು ಒಂದರ ಮೇಲೊಂದು ಗೂಡುಗಳಲ್ಲಿ ಕೂರುತ್ತವೆ. ಕಾಣುವುದು ಕೆಳಗಿನ ಗೂಡು ಮಾತ್ರ. ಕೂಡಿಸು ಅಂದರೆ ಕೆಳಗಿನ ಎರಡೂ ಸೇರಿ ಒಂದಾಗುತ್ತವೆ, ಮೇಲಿನವು ಒಂದೊಂದು ಮೆಟ್ಟಿಲು ಇಳಿಯುತ್ತವೆ. ನಾನು ಪ್ರತಿ ಯಂತ್ರಕ್ಕೂ ಮೂರು ಪ್ರಶ್ನೆ ಕೇಳುತ್ತೇನೆ. ನಿನಗೆ ಗೂಡುಗಳೆಷ್ಟು? ಎಂಟರ್ ಒತ್ತಿದರೆ ಅಂಕಿಯನ್ನು ನಕಲು ಮಾಡಿ ಮೇಲಕ್ಕೆ ಕಳಿಸುತ್ತೀಯೋ, ಬರೀ ಮೇಲಕ್ಕೆ ತಳ್ಳುತ್ತೀಯೋ? ಎಲ್ಲರೂ ಇಳಿದಾಗ ಅಟ್ಟದ ಮೇಲಿನ ಗೂಡಿನಲ್ಲಿ ಹಳೆಯ ಅಂಕಿಯ ನಕಲು ಉಳಿಯುತ್ತದೋ, ಸೊನ್ನೆ ಬಂದು ಕೂರುತ್ತದೋ?

ಮೂರನೆಯ ಪ್ರಶ್ನೆ ನನ್ನ ಹೆಮ್ಮೆ. ನಕಲು ಉಳಿಸುವ ಯಂತ್ರದ ಎಲ್ಲ ಗೂಡುಗಳಿಗೂ ಒಂದೇ ಅಂಕಿ ತುಂಬಿಟ್ಟರೆ ಸಾಕು, ಕೂಡಿಸು ಗುಂಡಿಯನ್ನು ಎಷ್ಟು ಸಲ ಒತ್ತಿದರೂ ಅದೇ ಅಂಕಿ ಅಟ್ಟದಿಂದ ಇಳಿದು ಇಳಿದು ಬರುತ್ತಲೇ ಇರುತ್ತದೆ.

ಮನೆಯಲ್ಲಿ ಅಕ್ಕನಿಗೆ ಹೇಳಲು ಹೋದೆ. ಅವಳು ಹೆಣೆಯುತ್ತಿದ್ದ ಸ್ವೆಟರಿನ ಕುಣಿಕೆ ಎಣಿಸುತ್ತಿದ್ದಳು. ನೂರ ಹನ್ನೆರಡು. ಮತ್ತೆ ಮೊದಲಿಂದ. ಮತ್ತೆ ನೂರ ಹನ್ನೆರಡು. ಮೂರನೆಯ ಸಲ ಶುರು ಮಾಡಿದಳು. ನನಗೆ ರೇಗಿತು. “ಒಂದು ಸಲ ಎಣಿಸಿದ್ರೆ ಸಾಲದೇನೆ?” ಅಂದೆ. ಎಣಿಸುತ್ತಲೇ ಇದ್ದಳು. ಮೊದಲೇ ಇಷ್ಟು ಜಾಗ್ರತೆ ಇದ್ದಿದ್ದರೆ ಅವಳ ನೌಕರಿ ಹಾಗಾಗುತ್ತಿರಲಿಲ್ಲ.

ಮಾರ್ಚ್ 11, ಮಂಗಳವಾರ

ಪಟ್ಟಿ ಬಹುಪಾಲು ಮುಗಿಯಿತು. ನಾಲ್ಕು ಗೂಡು, ನಕಲು ಉಳಿಸುವವು, ಇಪ್ಪತ್ತಮೂರು. ನಾಲ್ಕು ಗೂಡು, ಸೊನ್ನೆ ತುಂಬುವವು, ಒಂಬತ್ತು. ಮೂರು ಗೂಡಿನವು ಹನ್ನೊಂದು. ಎರಡೇ ಗೂಡಿನ ಬಡಪಾಯಿಗಳು ನಾಲ್ಕು. ಗೂಡಿಗೆ ಲೆಕ್ಕವೇ ಇಲ್ಲದ ಶ್ರೀಮಂತರು ಆರು.

ಮೇಡಂ ಒಂದು ಫಾರ್ಮ್ ಕೊಟ್ಟಳು. ಅದರಲ್ಲಿ ‘ಬಗೆ’ ಎಂಬ ಒಂದೇ ಅಂಕಣ. ಅದರೊಳಗೆ ಮೂರೇ ಆಯ್ಕೆ: ಮೇಜಿನದು, ಜೇಬಿನದು, ಇತರೆ.

“ಇದರಲ್ಲಿ ಎಲ್ಲಿ ಬರೀಲಿ?”

“ಇತರೆ ಅಂತ ಹಾಕಿ ಸಾರ್.”

“ಐವತ್ತಮೂರೂ ಇತರೆಯಾ?”

“ನೋಡೋರಿಗೆ ವ್ಯತ್ಯಾಸ ಏನಿದೆ, ಹೇಳಿ? ಯಾರಿಗೆ ಏನು ನಷ್ಟ?”

ಬಗೆ ಗೊತ್ತಿಲ್ಲದವನ ಕೈಗೆ ಯಂತ್ರ ಕೊಡುವುದೂ ಒಂದೇ, ಕಣ್ಣಿಗೆ ಬಟ್ಟೆ ಕಟ್ಟಿ ರಸ್ತೆ ದಾಟಿಸುವುದೂ ಒಂದೇ ಎಂದು ಕೂಗಾಡಿದೆ. ಪಕ್ಕದ ಕೋಣೆಯವರು ಇಣುಕಿದರು. ಇಣುಕಲಿ.

ಮಾರ್ಚ್ 14, ಶುಕ್ರವಾರ

ಗೋಡೆಗೆ ಹಾಕುವ ಬೋರ್ಡುಗಳ ಕರಡು ಬಂದಿದೆ. ಐದನೆಯದನ್ನು ಓದಿ ಎದ್ದು ನಿಂತೆ.

ತಲೆಬರಹ: ‘ಯಂತ್ರ ತಪ್ಪಲಿಲ್ಲ!’ ಅದರ ಕೆಳಗೆ ನಮ್ಮ ಮನೆಯ ಕಥೆ. ಇಪ್ಪತ್ತಾರು ವರ್ಷದ ಹಿಂದೆ ಕೊಳಚೆ ನೀರಿನ ಕಾಲುವೆಯೊಂದನ್ನು ಕಟ್ಟಿದಾಗ ಅದರ ಕೊನೆಯ ತುದಿ ಹತ್ತಿರ ಹತ್ತಿರ ಹನ್ನೊಂದು ಸೆಂಟಿಮೀಟರ್ ಎತ್ತರವಾಗಿಬಿಟ್ಟಿತ್ತು. ನೀರು ಮುಂದೆ ಹೋಗದೆ ನಿಂತು, ಒಂದು ಇಡೀ ಬೀದಿಯ ಮನೆಗಳಿಗೆ ಹಿಂದಿರುಗಿ ಬಂತು. ಅಳತೆಗೆ ನೆಟ್ಟ ಪ್ರತಿ ಗೂಟಕ್ಕೆ 0.012 ಮೀಟರ್ ಇಳಿಜಾರು, ಹನ್ನೆರಡು ಗೂಟ, ಮಟ್ಟ 84.310 ರಿಂದ ಇಳಿದು 84.166 ಆಗಬೇಕಿದ್ದದ್ದು 84.274 ಎಂದು ಬರೆಯಲಾಗಿತ್ತು. ಆಗೆಲ್ಲ ನಡುವಿನ ಗೂಟಗಳ ಅಂಕಿ ಬರೆದುಕೊಳ್ಳುತ್ತಿರಲಿಲ್ಲ, ಕೊನೆಯದನ್ನು ಮಾತ್ರ. “ಲೆಕ್ಕದ ಗುಮಾಸ್ತೆ ಗುಂಡಿಯನ್ನು ಹನ್ನೆರಡು ಸಲ ಒತ್ತುವ ಬದಲು ಮೂರೇ ಸಲ ಒತ್ತಿ ಹರಟೆಗೆ ಹೋಗಿದ್ದರು!” ಪಕ್ಕದಲ್ಲಿ ಬಾಯಿ ತೆರೆದು ಹರಟುವ ಹೆಂಗಸಿನ ಚಿತ್ರ. ಇದನ್ನು ಬರೆದುಕೊಟ್ಟವರು ಅಂದು ವಿಚಾರಣೆ ಮಾಡಿದ್ದ ಮುಖ್ಯ ಎಂಜಿನಿಯರ್. ಈಗ ಮುದುಕರು. ರಿಬ್ಬನ್ ಕತ್ತರಿಸುವವರೂ ಅವರೇ.

ಆ ಗುಮಾಸ್ತೆ ನನ್ನ ಅಕ್ಕ. ಬಡ್ತಿ ಕೈಗೆ ಬಂದಿತ್ತು, ಬಾಯಿಗೆ ಬರಲಿಲ್ಲ. ಲಕೋಟೆಗಳಿಗೆ ಮುದ್ರೆ ಒತ್ತುವ ವಿಭಾಗಕ್ಕೆ ಕಳಿಸಿದರು, ಅಲ್ಲೇ ನಿವೃತ್ತಳಾದಳು. ‘ಇಳಿಜಾರಕ್ಕ’ ಎಂದು ಬೆನ್ನ ಹಿಂದೆ ಕರೆಯುತ್ತಿದ್ದರು. ತಪ್ಪು ಅವಳದೇ, ಒಪ್ಪುತ್ತೇನೆ. ಹಾಗಂತ ಗೋಡೆಗೆ ಹೊಡೆದು ನಗುವುದೇ? ನನಗಾದ ಅವಮಾನಕ್ಕೆ ಲೆಕ್ಕವಿಲ್ಲ. ಅದೇ ಕಚೇರಿಯಲ್ಲಿ ಇಪ್ಪತ್ತೈದು ವರ್ಷ ‘ಇಳಿಜಾರಕ್ಕನ ತಮ್ಮ’ ಎನಿಸಿಕೊಂಡು ತಲೆ ತಗ್ಗಿಸಿ ಓಡಾಡಿದವನು ನಾನು.

ಮಾರ್ಚ್ 15, ಶನಿವಾರ

ಅಕ್ಕನಿಗೆ ಹೇಳದಿರಬೇಕೆಂದಿದ್ದೆ. ತಿಂಡಿ ಹೊತ್ತಿಗೆ ಬಾಯಿ ಜಾರಿತು.

“ಮೂರು ಸಲ ಒತ್ತಿದೆ ಅಂತಾನೇ ಬರ್ದಿದಾರಾ?”

“ಹೂಂ.”

“ಹನ್ನೆರಡು” ಅಂದಳು. ಎದ್ದು ತಟ್ಟೆ ತೊಳೆಯಲು ಹೋದಳು.

ಇದೇ ಹಟ. ವಿಚಾರಣೆಯಲ್ಲೂ ಇದೇ. ಹನ್ನೆರಡು ಒತ್ತಿದರೆ 84.166 ಬರಬೇಕು, ಬರಲಿಲ್ಲ, ಅಲ್ಲಿಗೆ ಮುಗಿಯಿತು. ತಪ್ಪಾಯಿತು ಎಂದು ಒಂದು ಮಾತು ಅಂದಿದ್ದರೆ ಇಷ್ಟು ದೂರ ಬೆಳೆಯುತ್ತಿರಲಿಲ್ಲ. ನನ್ನ ಯಂತ್ರಗಳ ಮೇಲೆ ಆಣೆ ಮಾಡಿ ಹೇಳಬಲ್ಲೆ, ಯಂತ್ರ ಸುಳ್ಳು ಹೇಳುವುದಿಲ್ಲ.

ಮಾರ್ಚ್ 19, ಬುಧವಾರ

ಕೊನೆಯ ಪರೀಕ್ಷೆ ಮಾಡುತ್ತಿದ್ದೆ. ಸೊನ್ನೆ ತುಂಬುವ ಒಂಬತ್ತರಲ್ಲಿ ಒಂದು, ಪಟ್ಟಿಯಲ್ಲಿ ನಲವತ್ತೊಂದನೆಯದು. ಪಕ್ಕದಲ್ಲಿದ್ದ ನಲವತ್ತನೆಯದು ನಕಲು ಉಳಿಸುವಂಥದ್ದು. ಎರಡನ್ನೂ ಅಕ್ಕಪಕ್ಕ ಇಟ್ಟರೆ ಹೆತ್ತ ತಾಯಿಗೂ ಗುರುತು ಸಿಗದು. ಅದೇ ಬೂದು ಮೈ, ಅದೇ ಗುಂಡಿ, ಅದೇ ಅಕ್ಷರ. ತಯಾರಕರು ಒಳಗಿನದನ್ನು ಅಗ್ಗ ಮಾಡಿ ಹೊರಗಿನದನ್ನು ಹಾಗೇ ಬಿಟ್ಟಿದ್ದಾರೆ.

ನಲವತ್ತೊಂದರ ನಾಲ್ಕೂ ಗೂಡಿಗೆ ಒಂದೇ ಅಂಕಿ ತುಂಬಿ ಕೂಡಿಸು ಒತ್ತಿದೆ. ಒಂದು, ಎರಡು, ಮೂರು. ನಾಲ್ಕನೆಯ ಸಲ ಅಂಕಿ ಅಲ್ಲಾಡಲಿಲ್ಲ. ಸರಿಯೇ, ಅಟ್ಟದಲ್ಲಿ ಸೊನ್ನೆ. ಮೂರು ಸಲ ಮಾತ್ರ ಕೂಡುತ್ತದೆ, ಆಮೇಲೆ ಎಷ್ಟು ಒತ್ತಿದರೂ ಸೊನ್ನೆಯನ್ನೇ ಕೂಡುತ್ತಿರುತ್ತದೆ ಎಂದು ಬರೆದುಕೊಂಡೆ.

ಮೂರು ಸಲ ಎಂದು ಬರೆದವನು ಪೆನ್ನು ಕೆಳಗಿಟ್ಟೆ.

ಬೋರ್ಡಿನ ಕರಡು ತಂದು ಇಟ್ಟುಕೊಂಡು ಋಣ 0.012 ಅನ್ನು ಎಲ್ಲ ಗೂಡುಗಳಿಗೂ ತುಂಬಿದೆ. ಆಮೇಲೆ ಕೆಳಗಿನ ಗೂಡಿಗೆ 84.310. ಕೂಡಿಸು, ಹನ್ನೆರಡು ಸಲ, ಬಾಯಲ್ಲಿ ಎಣಿಸುತ್ತ. 84.274.

ಯಂತ್ರವನ್ನು ಮಗುಚಿದೆ. ಬೆನ್ನಿಗೆ ಅಂಟಿಸಿದ ಉಗ್ರಾಣದ ಚೀಟಿ ಹಳದಿಯಾಗಿದೆ. 17-ಬಿ. ಏಳನ್ನು ನಡುವೆ ಅಡ್ಡಗೆರೆ ಎಳೆದು ಬರೆಯುವವನು ಆ ಉಗ್ರಾಣದಲ್ಲಿ ನಾನೊಬ್ಬನೇ.

ಮಾರ್ಚ್ 20, ಗುರುವಾರ

ಹಳೆಯ ವಿತರಣಾ ಪುಸ್ತಕ ಸಿಕ್ಕಿತು. ಕಾಲುವೆಯ ಲೆಕ್ಕ ಮಾಡುವ ಹನ್ನೊಂದು ದಿನ ಮುಂಚೆ: “17 ದುರಸ್ತಿಗೆ. ಬದಲಿಗೆ 17-ಬಿ, ಲೆಕ್ಕದ ವಿಭಾಗ, ಎರಡನೆಯ ಮೇಜು. ಅದೇ ಬಗೆ.” ಕೆಳಗೆ ನನ್ನ ಸಹಿ.

ಎರಡನೆಯ ಮೇಜು ಅಕ್ಕನದು.

ಮಾರ್ಚ್ 21, ಶುಕ್ರವಾರ

ಕೆಲಸಕ್ಕೆ ಹೋಗಲಿಲ್ಲ. ಹೊಟ್ಟೆ ಸರಿಯಿಲ್ಲ ಎಂದೆ.

ಆ ತಯಾರಕರನ್ನು ಏನೆನ್ನಬೇಕು? ಒಳಗೆ ಬದಲಾಯಿಸಿದ ಮೇಲೆ ಹೊರಗೆ ಒಂದು ಚುಕ್ಕೆಯನ್ನಾದರೂ ಇಡಬಾರದೇ? ಆ ಮುಖ್ಯ ಎಂಜಿನಿಯರ್, ಯಂತ್ರ ತರಿಸಿ ಒಂದು ಸಲ ಒತ್ತಿ ನೋಡಬಾರದಿತ್ತೇ? ನಾನಾಗ ಕೆಲಸಕ್ಕೆ ಸೇರಿ ಎರಡನೆಯ ವರ್ಷ, ಇನ್ನೂ ಕಾಯಂ ಆಗಿರಲಿಲ್ಲ, ದಿನಕ್ಕೆ ಮೂವತ್ತು ಯಂತ್ರ ಕೈ ಬದಲಾಯಿಸುತ್ತಿದ್ದವು, ಪರೀಕ್ಷೆ ಮಾಡಬೇಕೆಂದು ಯಾರೂ ಹೇಳಿರಲಿಲ್ಲ, ಯಾವ ನಿಯಮದಲ್ಲೂ ಇರಲಿಲ್ಲ.

ಅಕ್ಕ ಗಂಜಿ ಮಾಡಿಕೊಟ್ಟಳು. ಕುಡಿಯಲಾಗಲಿಲ್ಲ.

ಮಾರ್ಚ್ 22, ಶನಿವಾರ

ಒಂದು ವಿಷಯ ನೆನಪಾಗುತ್ತಿದೆ. ಯಂತ್ರ ಕೊಟ್ಟ ವಾರವೇ ಇರಬೇಕು. ಕಚೇರಿಯ ಕಾರಿಡಾರಿನಲ್ಲಿ ಅಕ್ಕ ನಿಲ್ಲಿಸಿ, “ಲೋ, ಹೊಸ ಮಿಷನ್ ಯಾಕೋ ಬೇರೆ ಥರ ಇದೆ ಕಣೋ, ಸ್ವಲ್ಪ ನೋಡು” ಅಂದಿದ್ದಳು. ನಾನು ಗಡಿಬಿಡಿಯಲ್ಲಿದ್ದೆ. “ಎಲ್ಲಾ ಒಂದೇ ಹೋಗೇ” ಅಂದೆ.

ಅಂದೆನೇ? ಅಂದೆ.

ಮಾರ್ಚ್ 24, ಸೋಮವಾರ

ಪ್ರದರ್ಶನದ ಅಧಿಕಾರಿಗೆ ಹೇಳಿದೆ. ಪುಸ್ತಕ, ಯಂತ್ರ, ಚೀಟಿ ಮೂರನ್ನೂ ಮೇಜಿನ ಮೇಲಿಟ್ಟೆ. ಆಕೆ ಫೋನನ್ನು ಡ್ರಾಯರಿಗೆ ಹಾಕಿ ಕೂತು ಕೇಳಿದಳು. ತಾನೇ ಹನ್ನೆರಡು ಸಲ ಒತ್ತಿ ನೋಡಿದಳು. ಮತ್ತೊಮ್ಮೆ ಒತ್ತಿದಳು. ನಂತರ ನಲವತ್ತನೆಯದನ್ನು ಕೇಳಿ ಅದರಲ್ಲೂ ಒತ್ತಿದಳು.

“ಈ ಬೋರ್ಡ್ ತೆಗೀತೀನಿ. ಆದ್ರೆ ಮುಖ್ಯ ಎಂಜಿನಿಯರ್ ಬರ್ದುಕೊಟ್ಟಿದ್ದು, ಯಾಕೆ ತೆಗೆದೆ ಅಂತ ಕೇಳ್ತಾರೆ. ನೀವು ಕಾಗದದಲ್ಲಿ ಬರ್ಕೊಡ್ತೀರಾ?”

“ಕೊಡ್ತೀನಿ.”

“ನಿಮ್ಮ ಹೆಸರು ಬರತ್ತೆ.”

“ಬರ್ಲಿ.”

ವಿತರಣಾ ಪುಸ್ತಕ ಮುಚ್ಚಿ ಕೇಳಿದಳು: “ನಿಮ್ಮಕ್ಕನಿಗೆ ಹೇಳಿದ್ರಾ ಸಾರ್?” ಇಲ್ಲ ಎಂದೆ. “ಮೊದಲು ಅವರಿಗೆ” ಅಂದಳು. ಆಕೆ ಹೇಳಿದ್ದು ಸರಿ. ಫಾರ್ಮಿಗೆ ಮೂರು ಅಂಕಣ ಸೇರಿಸಿದ್ದಾಳೆ: ಗೂಡು, ಎಂಟರ್, ಅಟ್ಟ. ಗುಜರಿಗೆ ಒಂದೂ ಹೋಗುವುದಿಲ್ಲವಂತೆ. ಗೆದ್ದೆ ಅನ್ನಬೇಕು. ಖುಷಿಯೇನೂ ಆಗಲಿಲ್ಲ.

ಮಾರ್ಚ್ 29, ಶನಿವಾರ

ಐದು ದಿನ ತಳ್ಳಿದೆ. ಇವತ್ತು ಅಕ್ಕ ಬಟ್ಟೆ ಮಡಿಸುತ್ತಿದ್ದಾಗ ಎದುರಿಗೆ ಕೂತು ಎಲ್ಲವನ್ನೂ ಹೇಳಿದೆ. ಅವಳು ಕೈಯಲ್ಲಿದ್ದ ಟವೆಲನ್ನು ಮಡಿಸಿ ಮುಗಿಸಿದಳು.

“ಹಾಗಾದ್ರೆ ನಾನು ಹನ್ನೆರಡು ಒತ್ತಿದ್ದೆ.”

“ಹೂಂ.”

“ಎದ್ದು ಹೋಗಿರ್ಲಿಲ್ಲ.”

“ಇಲ್ಲ ಅಕ್ಕ.”

“ನಾನೇ ಮರೆತು ಎದ್ದು ಹೋಗಿರಬೇಕು ಅಂತ ಅನ್ಕೊಂಡುಬಿಟ್ಟಿದ್ದೆ ಕಣೋ! ಎಲ್ಲರೂ ಹೇಳಿದ್ರಲ್ಲ. ಬಾಯಲ್ಲಿ ಹನ್ನೆರಡು ಹನ್ನೆರಡು ಅಂತಿದ್ದೆ, ಒಳಗೆ ನನ್ನ ತಲೆ ಮೇಲೆ ನನಗೇ ನಂಬಿಕೆ ಹೋಗಿತ್ತು. ಬೀಗ ಹಾಕಿದ್ನಾ, ಒಲೆ ಆರಿಸಿದ್ನಾ, ಎಣಿಸಿದ್ದು ಸರಿಯಾ, ಇಪ್ಪತ್ತಾರು ವರ್ಷ! ಅದಕ್ಕೂ ನೀನು ಬೈತಿದ್ದೆ. ಒಂದು ಸಲ ಎಣಿಸಿದ್ರೆ ಸಾಲದೇನೆ ಅಂತ!”

ಅವಳ ದನಿ ಅಷ್ಟು ಎತ್ತರಕ್ಕೆ ಏರಬಲ್ಲದೆಂದು ನನಗೆ ಗೊತ್ತಿರಲಿಲ್ಲ. “ನಿನ್ನನ್ನ ಕೇಳಿದ್ದೆ, ನೋಡು ಅಂತ ಕೇಳಿದ್ದೆ” ಅಂದಳು.

“ನಾನು ಆಗಿನ್ನೂ ಕಾಯಂ...”

“ಬಾಯ್ಮುಚ್ಚು.”

ಮುಚ್ಚಿದೆ. ಮಡಿಸಿದ ಬಟ್ಟೆಗಳನ್ನು ಎರಡು ಪಾಲು ಮಾಡಿ ನನ್ನ ಪಾಲನ್ನು ನನ್ನ ತೊಡೆಯ ಮೇಲೆ ಹಾಕಿ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಮಾರ್ಚ್ 31, ಸೋಮವಾರ

ಮಾತಿಲ್ಲ. ಅಡುಗೆ ಅವಳಿಗೆ ಮಾತ್ರ ಮಾಡಿಕೊಂಡಳು. ನಾನು ಬ್ರೆಡ್ ತಿಂದೆ.

ಏಪ್ರಿಲ್ 2, ಬುಧವಾರ

ಉದ್ಘಾಟನೆ. ಬೆಳಗ್ಗೆ ನೋಡಿದರೆ ಅಕ್ಕ ಬಾಗಿಲಲ್ಲಿ ಚಪ್ಪಲಿ ಮೆಟ್ಟಿ ನಿಂತಿದ್ದಳು. “ನಡಿ” ಅಂದಳು. ನಾಲ್ಕು ದಿನದಲ್ಲಿ ಮೊದಲ ಮಾತು.

ಮುಖ್ಯ ಎಂಜಿನಿಯರ್ ಊರುಗೋಲು ಹಿಡಿದು ಬಂದರು. ರಿಬ್ಬನ್ ಕತ್ತರಿಸಿದರು, ಐದನೆಯ ಬೋರ್ಡ್ ಎಲ್ಲಿ ಎಂದು ಕಣ್ಣಲ್ಲೇ ಹುಡುಕಿದರು. ಗಾಜಿನ ಪೆಟ್ಟಿಗೆಯ ಮುಂದಿನ ಮೇಜಿನ ಮೇಲೆ ನಲವತ್ತು, ನಲವತ್ತೊಂದು ಎರಡನ್ನೂ ಮುಟ್ಟಿ ನೋಡಲು ಇಟ್ಟಿದ್ದೆವು. ಅಕ್ಕ ಎರಡಕ್ಕೂ ಅಂಕಿಗಳನ್ನು ತುಂಬಿ, ಜನರ ನಡುವೆ ಹಾದುಹೋಗಿ ನಲವತ್ತೊಂದನ್ನು ಅವರ ಕೈಗಿಟ್ಟಳು. ಗುರುತು ಹಿಡಿಯಲಿಲ್ಲ ಅವರು.

“ಸಾರ್, ಕೂಡಿಸು ಗುಂಡಿ ಒತ್ತಿ. ಹನ್ನೆರಡು ಸಲ. ಜೋರಾಗಿ ಎಣಿಸಿ.”

ನಗುತ್ತ ಒತ್ತಿದರು. ನಾಲ್ಕರ ಹೊತ್ತಿಗೆ ನಗು ನಿಂತಿತು. ಏಳರ ಮೇಲೆ ದನಿ ಇಳಿಯಿತು. ಹನ್ನೆರಡಕ್ಕೆ ಕನ್ನಡಕ ಸರಿಪಡಿಸಿಕೊಂಡು ನೋಡಿದರು.

“ಓದಿ ಸಾರ್.”

“ಎಂಬತ್ತನಾಲ್ಕು ಬಿಂದು ಎರಡು ಏಳು ನಾಲ್ಕು. ಇದು ಕೆಟ್ಟುಹೋಗಿದೆಯಮ್ಮ.”

“ಕೆಟ್ಟಿಲ್ಲ ಸಾರ್. ಇದರ ಬಗೆ ಬೇರೆ. ಈಗ ಇನ್ನೊಂದನ್ನ ಒತ್ತಿ.”

ಇನ್ನೊಂದು 84.166 ತೋರಿಸಿತು. ಅವರು ಅಕ್ಕನ ಮುಖ ನೋಡಿದರು. ಈಗ ಗುರುತು ಸಿಕ್ಕಿತ್ತು. “ಇದನ್ನ ಆಗ ನಮಗೆ ಯಾರೂ ಹೇಳ್ಲಿಲ್ಲವಲ್ಲ” ಎಂದರು.

“ಹನ್ನೆರಡು ಸಲ ಒತ್ತಿದೆ ಅಂತ ನಾನು ಹೇಳಿದ್ದೆ. ನೀವು ಕಾಫಿ ಕುಡೀತಾ ಇದ್ರಿ.”

ನಾನು ಮುಂದೆ ಬಂದು, “ಮಿಷನ್ ಕೊಟ್ಟೋನು ನಾನು ಸಾರ್. ಅದೇ ಬಗೆ ಅಂತ ಬರ್ದೋನೂ ನಾನೇ” ಅಂದೆ. ಅಧಿಕಾರಿ ಕುರ್ಚಿ ಎಳೆದು ಇಟ್ಟಳು. ಕೂರಲು ನನಗೆಂದುಕೊಂಡೆ. ಅಕ್ಕನಿಗೆ ಅದು. ಅಕ್ಕ ಕೂರಲಿಲ್ಲ, ಸೇವಾ ದಾಖಲೆ ತಿದ್ದಲು ಯಾರಿಗೆ ಅರ್ಜಿ ಬರೆಯಬೇಕೆಂದು ಕೇಳಿದಳು. ಮುಖ್ಯ ಎಂಜಿನಿಯರ್ ತಾವೂ ಒಂದು ಪತ್ರ ಕೊಡುವುದಾಗಿ ಹೇಳಿದರು. “ಇವತ್ತೇ ಕೊಡಿ” ಅಂದಳು. ನಿಂತಲ್ಲೇ ಬರೆಸಿಕೊಂಡಳು.

ಏಪ್ರಿಲ್ 5, ಶನಿವಾರ

ಅರ್ಜಿಯ ಜತೆಗೆ ನನ್ನ ಹೇಳಿಕೆಯೂ ಬೇಕಂತೆ. ಬೆಳಗ್ಗೆ ಊಟದ ಮೇಜಿನಲ್ಲಿ ಕೂತು ಬರೆದೆ, ಅಕ್ಕ ಎದುರಿಗೆ. ಓದಿ ನೋಡಿದಳು.

“ಬದಲಿ ಯಂತ್ರದ ಬಗೆ ಬಹುಶಃ ಬೇರೆಯಾಗಿತ್ತು. ಅದನ್ನು ಪರೀಕ್ಷಿಸದೆ ಕೊಡಲಾಗಿತ್ತು.”

“ಬಹುಶಃ ಏನು ಬಹುಶಃ? ನೀನೇ ತಾನೆ ಒತ್ತಿ ನೋಡಿದ್ದು?” ಆ ಪದವನ್ನು ಹೊಡೆದು ಹಾಕಿದಳು. “ಕೊಡಲಾಗಿತ್ತು ಅಂದ್ರೆ? ಯಾರು ಕೊಟ್ಟಿದ್ದು, ಗಾಳೀಲಿ ಹಾರ್ಕೊಂಡು ಬಂತಾ?” ಅದನ್ನೂ ಹೊಡೆದಳು. ಪೆನ್ನನ್ನು ನನ್ನ ಕಡೆ ತಳ್ಳಿದಳು.

ಹೊಸ ಹಾಳೆ ತೆಗೆದುಕೊಂಡೆ. “ನಾನು ಕೊಟ್ಟೆ. ಪರೀಕ್ಷಿಸಲಿಲ್ಲ. ಅಕ್ಕ ಕೇಳಿದಾಗಲೂ ನೋಡಲಿಲ್ಲ.” ಕೊನೆಯ ವಾಕ್ಯವನ್ನು ಅವಳು ಹೇಳಿರಲಿಲ್ಲ. ವಾಕ್ಯ ವಾಕ್ಯಕ್ಕೆ ಬೆರಳಿಟ್ಟು ಓದಿದಳು.

“ಇಷ್ಟೇ ಸಾಕು” ಅಂದಳು.

ಲಕೋಟೆಗೆ ಹಾಕಿ, ಅಂಟಿಸಿ, ಅಂಚೆಗೆ ತಾನೇ ಹೊರಟಳು. ಬರಲೇ ಎಂದೆ. ಬೇಡ ಎಂದಳು. ಬಾಗಿಲು ದಾಟಿದವಳು ಅರ್ಧ ತಿರುಗಿ, ಒಲೆಯ ಮೇಲೆ ಇಬ್ಬರಿಗೂ ಅನ್ನಕ್ಕೆ ಇಟ್ಟಿದ್ದೇನೆ, ಹತ್ತು ನಿಮಿಷಕ್ಕೆ ಆರಿಸು ಎಂದು ಹೇಳಿ ಮೆಟ್ಟಿಲಿಳಿದಳು.